ಬೆಂಚಿನ ಕೊನೆಯಲ್ಲಿ ಕುಳಿತವನು

ಕ್ಲೀವ್‌ಲ್ಯಾಂಡ್
ನವೆಂಬರ್ 12, 1940

ಪ್ರೀತಿಯ ರೂಡಿ,

ಬೇಸ್‌ಬಾಲ್ ಮುಗಿದು ಒಂದೂವರೆ ತಿಂಗಳಾಯಿತು, ಊರಿನ ಗಂಡಸರ ಸೂತಕ ಇನ್ನೂ ಕಳೆದಿಲ್ಲ. ಕಡೆಯ ವಾರ ಡೆಟ್ರಾಯಿಟ್‌ನವರು ಹೆಸರೇ ಕೇಳದ ಒಬ್ಬ ಪಿಚರ್‌ನನ್ನು ಎಸೆಯಲು ನಿಲ್ಲಿಸಿ ನಮ್ಮ ಫೆಲ್ಲರ್‌ನನ್ನು ಸೋಲಿಸಿದರಲ್ಲ, ಅದನ್ನು ಮಾಂಸದಂಗಡಿಯಲ್ಲೂ ಹೇಳಿಕೊಂಡು ಅಳುತ್ತಾರೆ, ಚರ್ಚಿನ ಮೆಟ್ಟಿಲ ಮೇಲೂ ಹೇಳಿಕೊಂಡು ಅಳುತ್ತಾರೆ. ಫೆಲ್ಲರ್‌ನ ಎಸೆತಕ್ಕೆ ಅವರಿಗೆ ಸಿಕ್ಕಿದ್ದು ಮೂರೇ ಹೊಡೆತ. ಮೂರು ಹೊಡೆತಕ್ಕೆ ಇಡೀ ವರ್ಷದ ಆಟ ನೀರಲ್ಲಿ ಹೋಯಿತು.

ಜೂನ್‌ನಲ್ಲಿ ಆ ಬೆಟ್ಟದ ಆರೋಗ್ಯಧಾಮ ಹತ್ತಿದಾಗಿನಿಂದ ನೀನು ಬರೆದದ್ದೆಲ್ಲ ಹಾಲು, ಮೊಟ್ಟೆ, ಮತ್ತೆ ಹಾಲು. ಓದಿ ಓದಿ ನನಗೇ ಹೊಟ್ಟೆ ಉಬ್ಬರಿಸಿದೆ. ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಅಮ್ಮ ಇದ್ದಾಗ ಚಳಿಗಾಲವಿಡೀ ಒಲೆಯ ಸುತ್ತ ಕುಳಿತು ಬೇಸ್‌ಬಾಲ್ ಪ್ರಶ್ನೆ ಹಾಕಿಕೊಳ್ಳುತ್ತಿದ್ದೆವಲ್ಲ, ಅದನ್ನು ಈ ವರ್ಷ ಅಂಚೆಯಲ್ಲಿ ನಡೆಸೋಣ. ಏಪ್ರಿಲ್‌ನಲ್ಲಿ ಹೊಸ ಋತುವಿನ ಮೊದಲ ಪಂದ್ಯದವರೆಗೆ ಪತ್ರಕ್ಕೊಂದು ಪ್ರಶ್ನೆ. ಪುಸ್ತಕ ನೋಡುವಂತಿಲ್ಲ, ಪಕ್ಕದ ಹಾಸಿಗೆಯವರನ್ನು ಕೇಳುವಂತಿಲ್ಲ.

ಮೊದಲನೆಯದು ಇದು. ಒಂದು ತಂಡ ಇಡೀ ಪಂದ್ಯ ಆಡಿತು. ಆಟ ಶುರುವಾಗುವಾಗ ಅವರಲ್ಲಿ ಒಬ್ಬೊಬ್ಬನ ಬ್ಯಾಟಿಂಗ್ ಸರಾಸರಿ ಎಷ್ಟಿತ್ತೋ ಮುಗಿದಾಗಲೂ ಅಷ್ಟೇ ಇತ್ತು, ಒಂದು ಕೂದಲೆಳೆ ಕದಲಿಲ್ಲ. ಹೇಗೆ?

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರಲಾಗುವುದಿಲ್ಲ ಕಣೋ. ಸ್ವೆಟರ್ ಮಿಲ್ಲಿನಲ್ಲಿ ಯಾರಿಗೂ ರಜೆ ಕೊಡುತ್ತಿಲ್ಲ. ಜ್ವರ ಇಳಿದಿದೆಯೇ, ಬರೆ.

ನಿನ್ನ ಅಕ್ಕ
ವೀಡಾ

*

ಆರೋಗ್ಯಧಾಮ, ಗಂಡಸರ ವರಾಂಡ
ನವೆಂಬರ್ 24, 1940

ಪ್ರೀತಿಯ ಅಕ್ಕ,

ಇದೊಂದು ಪ್ರಶ್ನೆಯೇ? ಕಳೆದ ಏಪ್ರಿಲ್, ಋತುವಿನ ಮೊದಲ ದಿನ, ಶಿಕಾಗೋದಲ್ಲಿ. ನಮ್ಮ ಫೆಲ್ಲರ್ ಅವರಲ್ಲಿ ಒಬ್ಬನಿಗೂ ಒಂದು ಹೊಡೆತ ಕೊಡಲಿಲ್ಲ. ಮೊದಲ ಪಂದ್ಯವಾದ್ದರಿಂದ ಎಲ್ಲರೂ ಸೊನ್ನೆಯಿಂದ ಹೊರಟು ಸೊನ್ನೆಗೇ ಬಂದು ನಿಂತರು. ಇನ್ನು ಮೇಲೆ ಸ್ವಲ್ಪ ಗಟ್ಟಿಯಾದದ್ದು ಕೇಳು.

ಜ್ವರ ಇಳಿದಿದೆಯೇ ಎಂದು ನನ್ನನ್ನು ಕೇಳುತ್ತೀಯಲ್ಲ, ಇಲ್ಲಿ ರೋಗಿಗೆ ಜ್ವರ ಎಷ್ಟಿದೆ ಎಂದು ಹೇಳುವುದೇ ಇಲ್ಲ. ಥರ್ಮಾಮೀಟರ್ ಓದುವಾಗ ನರ್ಸಮ್ಮನ ಮುಖ ನೋಡಬೇಕು, ಕೈಯಲ್ಲಿ ಇಸ್ಪೀಟ್ ಹಿಡಿದವಳ ಹಾಗೆ. ತಿಂಗಳ ಮೊದಲ ಗುರುವಾರ ಕಫ ತೆಗೆದುಕೊಂಡು ಹೋಗುತ್ತಾರೆ, ಅದರಲ್ಲಿ ಕ್ಷಯದ ಕ್ರಿಮಿ ಕಂಡಿತೋ ಇಲ್ಲವೋ ಅದೂ ಗುಟ್ಟು. ಸತತ ಆರು ತಿಂಗಳು ಕಾಣದಿದ್ದರೆ ಮಾತ್ರ ಒಂದು ದಿನ ಕರೆದು, ಪೆಟ್ಟಿಗೆ ಕಟ್ಟು ಅನ್ನುತ್ತಾರಂತೆ. ನಡುವೆ ಒಂದು ಸಲ ಕಂಡರೂ ಮತ್ತೆ ಒಂದರಿಂದ ಎಣಿಕೆ.

ಹಗಲೂ ರಾತ್ರಿ ಬಯಲು ವರಾಂಡದಲ್ಲಿ ಸಾಲಾಗಿ ಮಲಗಿಸುತ್ತಾರೆ. ಬೆಳಿಗ್ಗೆ ಕಂಬಳಿಯ ಮೇಲಿನ ಹಿಮ ಕೊಡವಿಕೊಂಡು ಏಳುತ್ತೇನೆ. ಪಕ್ಕದ ಹಾಸಿಗೆಯಲ್ಲಿ ಮಲ್ವೇನಿ ಎಂಬ ಮುದುಕ, ಟ್ರಾಮಿನಲ್ಲಿ ಕಂಡಕ್ಟರ್ ಆಗಿದ್ದವನು. ಅವನಿಗೆ ಓಡಾಡಲು ಅನುಮತಿ ಇದೆ, ಆದ್ದರಿಂದ ಪರೀಕ್ಷೆಯ ಚೀಟಿಗಳನ್ನು ಆಫೀಸಿಗೆ ಮುಟ್ಟಿಸುವುದು ಅವನೇ. ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ನಿನ್ನ ಪ್ರಶ್ನೆಯನ್ನು ಅವನಿಗೂ ಕೇಳಿದೆ, ಅರ್ಧ ವಾಕ್ಯಕ್ಕೇ ಉತ್ತರ ಹೇಳಿದ. ಇಡೀ ವರಾಂಡ ಈಗ ನಿನ್ನ ಮುಂದಿನ ಪ್ರಶ್ನೆಗೆ ಕಾದಿದೆ.

ನನ್ನ ಪ್ರಶ್ನೆ: ಪಿಚರ್ ಒಬ್ಬ ಮೊದಲನೆಯವನಿಗೇ ಪುಕ್ಕಟೆ ಬೇಸ್ ಕೊಟ್ಟು, ಅಂಪೈರ್‌ಗೆ ಹೊಡೆದು, ಹೊರಗೆ ಅಟ್ಟಿಸಿಕೊಂಡ. ಅವನ ಬದಲಿಗೆ ಬಂದವನು ಮುಂದೆ ಒಬ್ಬನನ್ನೂ ಬೇಸ್ ಮುಟ್ಟಲು ಬಿಡಲಿಲ್ಲ. ಇಬ್ಬರೂ ಯಾರು?

ರೂಡಿ

*

ಕ್ಲೀವ್‌ಲ್ಯಾಂಡ್
ಡಿಸೆಂಬರ್ 18, 1940

ಪ್ರೀತಿಯ ರೂಡಿ,

ಹೊಡೆದವನು ಬೇಬ್ ರೂತ್, ಬಂದವನು ಎರ್ನಿ ಶೋರ್, 1917ರಲ್ಲಿ. ಹುಡುಗಿಯೆಂದು ಸಲೀಸಾಗಿ ಸೋಲಿಸಬಹುದೆಂದುಕೊಂಡೆಯೇನು? ನಿನಗೆ ಚೆಂಡು ಹಿಡಿಯಲು ಕಲಿಸಿದ್ದು ಯಾರು, ಮಲ್ವೇನಿಗೆ ಹೇಳು.

ಪಾರ್ಸೆಲ್‌ನಲ್ಲಿ ಪೊಟಿತ್ಸಾ ಇದೆ. ಅಮ್ಮನ ಹಾಗೆ ಹಿಟ್ಟನ್ನು ಮೇಜಿನಗಲ ಎಳೆದು, ಅಕ್ರೋಟು ಹರಡಿ, ಸುರುಳಿ ಸುತ್ತಿ ಬೇಯಿಸಿದ್ದೇನೆ. ಅಲ್ಲಲ್ಲಿ ಬಿರುಕು ಬಿಟ್ಟಿದೆ, ನೋಡಿಯೂ ನೋಡದ ಹಾಗೆ ತಿನ್ನು. ಎಲ್ಲರಿಗೂ ಹಂಚು. ಕ್ರಿಸ್‌ಮಸ್‌ಗೆ ಬರಬೇಕೆಂದೇ ಇದ್ದೆ. ಆದರೆ ನಿಮ್ಮ ಕಡೆಯ ರೈಲು ಹಿಮದಲ್ಲಿ ಎಲ್ಲೆಂದರಲ್ಲಿ ನಿಂತುಬಿಡುತ್ತದಂತೆ, ಹೊರಟವರು ಸೇರುವ ಖಾತ್ರಿ ಇಲ್ಲವಂತೆ. ವಸಂತ ಬರಲಿ.

ಪ್ರಶ್ನೆ: ಅತಿ ಉದ್ದದ ಪಂದ್ಯ ಎಷ್ಟು ಇನಿಂಗ್ಸ್, ಗೆದ್ದವರು ಯಾರು? ಎಚ್ಚರ, ಇದರಲ್ಲೊಂದು ಗುಂಡಿ ಇದೆ.

ವೀಡಾ

*

ಆರೋಗ್ಯಧಾಮ
ಜನವರಿ 12, 1941

ಪ್ರೀತಿಯ ಅಕ್ಕ,

ಇಪ್ಪತ್ತಾರು ಇನಿಂಗ್ಸ್. ಬ್ರೂಕ್ಲಿನ್ ಮತ್ತು ಬಾಸ್ಟನ್, 1920. ಗೆದ್ದವರು ಯಾರೂ ಇಲ್ಲ, ಒಂದಕ್ಕೊಂದು ಸಮವಿರುವಾಗಲೇ ಕತ್ತಲಾಯಿತು. ಎರಡೂ ಕಡೆ ಒಬ್ಬೊಬ್ಬನೇ ಕೊನೆಯವರೆಗೂ ಎಸೆದರು. ಗುಂಡಿಗೆ ಬೀಳಲಿಲ್ಲ.

ಪೊಟಿತ್ಸಾ ಹಂಚಿದೆ. ಎಲ್ಲರೂ ತಿಂದರು. ಆದರೆ ಅಕ್ಕ, ಇಲ್ಲಿ ಏನೋ ಆಗಿದೆ. ಹೊಸ ವರ್ಷ ಕಳೆದ ಮೇಲೆ ಇವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಜಗಳವಿಲ್ಲ, ಏನಿಲ್ಲ. ಮಲ್ವೇನಿಯ ಬಾಯಿ ನಲ್ಲಿ ತಿರುಗಿಸಿದ ಹಾಗೆ ನಿಂತುಹೋಗಿದೆ. ನಾನು ಕೇಳಿದರೆ ಹೂಂ ಅನ್ನುತ್ತಾನೆ, ನನ್ನ ಮುಖ ನೋಡುವುದಿಲ್ಲ. ನಿನ್ನ ಪ್ರಶ್ನೆ ಓದಿ ಹೇಳಿದೆ, ವರಾಂಡದಲ್ಲಿ ಯಾರೂ ಬಾಯಿ ತೆರೆಯಲಿಲ್ಲ.

ಮೊನ್ನೆ ಹೊಸದಾಗಿ ಬಂದವನೊಬ್ಬ ನನ್ನ ಪಕ್ಕ ಕೂರಲು ಬಂದ. ನಾನು ಕಣ್ಣು ಮುಚ್ಚಿದ್ದೆ, ನಿದ್ದೆ ಬಂದಿರಲಿಲ್ಲ. ಮಲ್ವೇನಿ ಅವನ ತೋಳು ಹಿಡಿದು ಎಳೆದುಕೊಂಡು ಹೋದ. ಪಿಸುದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. "ಅವನ ಹತ್ರ ಹೋಗ್ಬೇಡಪ್ಪ. ಏನೂ ಮಾತಾಡ್ಸ್ಬೇಡ. ಪಾಪ, ಅವನ ಪಾಡಿಗೆ ಅವನ್ನ ಬಿಟ್ಬಿಡು."

ಚೀಟಿಗಳನ್ನು ಮುಟ್ಟಿಸುವವನು ಅವನೇ ಎಂದು ಬರೆದಿದ್ದೆನಲ್ಲ. ಅವನಿಗೆ ಏನೋ ಗೊತ್ತು.

ಈ ಸಲ ಪ್ರಶ್ನೆ ಹೊಳೆಯುತ್ತಿಲ್ಲ.

ರೂಡಿ

*

ಕ್ಲೀವ್‌ಲ್ಯಾಂಡ್
ಜನವರಿ 19, 1941

ಪ್ರೀತಿಯ ರೂಡಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಹೆದರಿದೆ. ಎರಡನೆಯ ಸಲ ಓದಿದಾಗ ಬೇರೇನೋ ಹೊಳೆಯಿತು. ಏನೆಂದು ಹೇಳುವುದಿಲ್ಲ. ಕಾರಣ ಕೇಳಬೇಡ. ನಿನಗೆ ಕಾಣುತ್ತಿರುವುದು ಹಾವಲ್ಲ, ಹಗ್ಗ ಇರಬಹುದು ಎಂದಷ್ಟೇ ಹೇಳುತ್ತೇನೆ.

ನನ್ನ ಪ್ರಶ್ನೆ, ನಿಧಾನವಾಗಿ ಯೋಚಿಸಿ ಉತ್ತರ ಬರೆ. ಆಟ ನಡೆಯುತ್ತಿದೆ. ಬೆಂಚಿನ ಒಂದು ಕಡೆ ಎಲ್ಲರೂ ಒತ್ತೊತ್ತಾಗಿ ಕುಳಿತಿದ್ದಾರೆ, ಒಬ್ಬನೇ ಒಬ್ಬ ಇನ್ನೊಂದು ಕೊನೆಯಲ್ಲಿ. ಅವನನ್ನು ಯಾರೂ ಮಾತನಾಡಿಸುವುದಿಲ್ಲ, ಅವನತ್ತ ನೋಡುವುದೂ ಇಲ್ಲ. ಅವನು ಯಾರು?

ಊಟ ಬಿಡಬೇಡ. ಹಾಲು ಕುಡಿ.

ವೀಡಾ

*

ಆರೋಗ್ಯಧಾಮ
ಫೆಬ್ರವರಿ 9, 1941

ಅಕ್ಕ,

ಉತ್ತರ ಸುಲಭ. ತಂಡದಿಂದ ತೆಗೆದುಹಾಕಿದವನು. ಸಂಜೆ ಮ್ಯಾನೇಜರ್ ಕರೆದು ಹೇಳುತ್ತಾನೆ ಎಂದು ಅವನನ್ನು ಬಿಟ್ಟು ಎಲ್ಲರಿಗೂ ಗೊತ್ತು. ನಾಳೆ ಇಲ್ಲದವನ ಜೊತೆ ಇವತ್ತು ಏನು ಮಾತಾಡುವುದು? ಇಂಥ ಪ್ರಶ್ನೆಯನ್ನು ಈಗ ಯಾಕೆ ಕೇಳಿದೆ ಎಂದು ನಾನು ಬಹಳ ಯೋಚಿಸಿದೆ. ನಿನಗೂ ಗೊತ್ತಾಗಿದೆ ಅಲ್ಲವೇ? ನೇರವಾಗಿ ಹೇಳಲು ಬಾಯಿ ಬರದೆ ಹೀಗೆ ಹೇಳುತ್ತಿದ್ದೀಯ.

ಇಲ್ಲಿ ಇನ್ನೂ ಕೆಟ್ಟದಾಗಿದೆ. ಮಲ್ವೇನಿ ತನ್ನ ಕುರ್ಚಿಯನ್ನು ವರಾಂಡದ ಆ ತುದಿಗೆ ಒಯ್ದಿದ್ದಾನೆ. ನಾನು ಎಲ್ಲಿ ಕೂರುತ್ತೇನೋ ಅಲ್ಲೇ ಕೂರಲು ಬಿಡುತ್ತಾರೆ, ಆ ಜಾಗವನ್ನು ಯಾರೂ ಮುಟ್ಟುವುದಿಲ್ಲ. ಭಾನುವಾರ ಪುಡಿಂಗ್ ಬಂದಾಗ ದೊಡ್ಡ ಪಾಲು ನನ್ನ ಬಟ್ಟಲಿಗೆ ಬೀಳುತ್ತದೆ. ಅಮ್ಮನಿಗೂ ಕೊನೆಯ ತಿಂಗಳಲ್ಲಿ ನಾವು ಹೀಗೇ ಮಾಡಿದ್ದೆವು, ನೆನಪಿದೆಯೇ? ಕೇಳಿದ್ದೆಲ್ಲ ಕೊಟ್ಟೆವು, ಏನನ್ನೂ ಹೇಳಲಿಲ್ಲ.

ನನ್ನ ಪ್ರಶ್ನೆ ಇಲ್ಲಿದೆ. ನಮ್ಮ ಕ್ಲೀವ್‌ಲ್ಯಾಂಡ್ ತಂಡದ ಪಿಚರ್. 1908ರಲ್ಲಿ ಒಂದು ಪಂದ್ಯದಲ್ಲಿ ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಲು ಬಿಡಲಿಲ್ಲ. ಎರಡೂವರೆ ವರ್ಷದ ನಂತರ, ಏಪ್ರಿಲ್‌ನಲ್ಲಿ, ಋತು ಶುರುವಾದ ವಾರವೇ ಸತ್ತ. ವಯಸ್ಸು ಮೂವತ್ತೊಂದು. ತಂಡದವರು ಆಡಬೇಕಿದ್ದ ಪಂದ್ಯ ಬಿಟ್ಟು ಶವದ ಹಿಂದೆ ನಡೆದರು. ಕ್ಷಯ ಅವನ ಮಿದುಳಿಗೆ ಏರಿತ್ತು. ಹೆಸರು ಹೇಳು.

ರೂಡಿ

*

ಕ್ಲೀವ್‌ಲ್ಯಾಂಡ್
ಫೆಬ್ರವರಿ 14, 1941

ರೂಡಿ,

ಹೆಸರು ಗೊತ್ತು. ಬರೆಯುವುದಿಲ್ಲ. ಅಪ್ಪ ಹೇಳುತ್ತಿದ್ದ ಆ ಕಥೆಯನ್ನು ನಿನಗೆ ನಾನೇ ಹೇಳಿದ್ದೆ, ಅದಕ್ಕೆ ಈಗ ನನ್ನ ನಾಲಗೆ ಕಚ್ಚಿಕೊಳ್ಳುತ್ತಿದ್ದೇನೆ.

ನನ್ನ ಪ್ರಶ್ನೆಗೆ ನಿನ್ನ ಉತ್ತರ ತಪ್ಪು. ಪೂರ್ತಿ ತಪ್ಪು. ಸರಿಯುತ್ತರ ನನ್ನ ಬಾಯಿಂದ ಬರಕೂಡದು. ಇನ್ನು ಮೂರು ವಾರ ತಡೆದುಕೊ ಮಾರಾಯ. ಮಾರ್ಚ್ ಬರಲಿ. ಅಲ್ಲಿಯವರೆಗೆ ಯಾರನ್ನೂ ಏನೂ ಕೇಳಬೇಡ, ನನ್ನನ್ನೂ ಕೇಳಬೇಡ.

ವೀಡಾ

*

ಆರೋಗ್ಯಧಾಮ
ಫೆಬ್ರವರಿ 26, 1941

ಅಕ್ಕ,

ಮೂರು ವಾರ ಅಂದರೆ ಏನು? ನನಗೆ ಉಳಿದಿರುವುದು ಅಷ್ಟೇ ಎಂದು ಡಾಕ್ಟರು ನಿನಗೆ ಬರೆದಿದ್ದಾರೆಯೇ?

ನನಗೆ ನಿದ್ದೆ ಬರುತ್ತಿಲ್ಲ. ಕೆಮ್ಮು ಬಂದರೆ ಕರವಸ್ತ್ರ ತೆಗೆದು ನೋಡಲು ಧೈರ್ಯ ಸಾಲದು. ಕೆಮ್ಮು ಬರದಿದ್ದರೆ ಅದೂ ಭಯ, ಒಳಗೆ ಏನು ನಡೆಯುತ್ತಿದೆಯೋ ಎಂದು. ನಿನ್ನೆ ನರ್ಸಮ್ಮ ನನ್ನ ಹಾಸಿಗೆ ಸರಿಮಾಡುತ್ತಾ ನಕ್ಕಳು. ಅವಳು ಯಾವತ್ತೂ ನಕ್ಕವಳಲ್ಲ.

ನಿರ್ಧಾರ ಮಾಡಿದ್ದೇನೆ. ಮಾರ್ಚ್ ಆರು, ಗುರುವಾರ ಮತ್ತೆ ಕಫ ತೆಗೆದುಕೊಳ್ಳುತ್ತಾರೆ. ಅದಕ್ಕೆ ಹಿಂದಿನ ದಿನವೇ ಹೊರಟುಬಿಡುತ್ತೇನೆ. ಅಡುಗೆಮನೆಯ ಹಿಂದಿನ ದಾರಿ ಹಿಡಿದರೆ ರೈಲು ನಿಲ್ದಾಣ ನಾಲ್ಕು ಮೈಲಿ. ಹಿಮ ಇದೆ, ಪರವಾಗಿಲ್ಲ. ಮಾತಾಡಿಸುವವರಿಲ್ಲದ ಕಡೆ ಸಾಯಲಾರೆ. ನಿನ್ನ ಅಡುಗೆಮನೆಯಲ್ಲಿ ಒಂದು ಮೂಲೆ ಕೊಡುತ್ತೀಯಾ? ಬೇಡ ಅನ್ನುವುದಾದರೆ ಈಗಲೇ ಬರೆ. ಒಂಬತ್ತು ತಿಂಗಳಲ್ಲಿ ಒಂದು ಸಲವೂ ನೀನು ಬರಲಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ರೂಡಿ

*

ಕ್ಲೀವ್‌ಲ್ಯಾಂಡ್
ಮಾರ್ಚ್ 1, 1941
ತುರ್ತು ಅಂಚೆ

ರೂಡಿ, ಎಲ್ಲಿಗೂ ಹೋಗಬೇಡ. ಹಾಸಿಗೆಯ ಮೇಲೆ ಕುಳಿತು ಇದನ್ನು ಓದು.

ಆ ಪದ ಬರೆಯಲು ಕೈ ಏಳುತ್ತಿಲ್ಲ. ಬರೆಯುತ್ತೇನೆ. ನೋ-ಹಿಟ್ಟರ್. ನೀನು ನೋ-ಹಿಟ್ಟರ್ ಎಸೆಯುತ್ತಿದ್ದೀಯ ಕಣೋ. ಬೆಂಚಿನ ಕೊನೆಯಲ್ಲಿ ಕುಳಿತವನು ಅವನೇ.

ನಿನಗೆ ಈ ಪಾಠ ಹೇಳಬೇಕಾಗಿ ಬಂತಲ್ಲ. ಪಿಚರ್ ಒಬ್ಬ ಯಾರಿಗೂ ಒಂದು ಹೊಡೆತ ಕೊಡದೆ ಒಂಬತ್ತರಲ್ಲಿ ಐದು, ಆರು, ಏಳು ಇನಿಂಗ್ಸ್ ದಾಟಿದರೆ ಅವನ ತಂಡದವರು ಏನು ಮಾಡುತ್ತಾರೆ? ಬಾಯಿ ಹೊಲಿದುಕೊಳ್ಳುತ್ತಾರೆ. ಅವನ ಪಕ್ಕ ಕೂರುವುದಿಲ್ಲ, ಅವನು ಕೂರುವ ಜಾಗ ಬದಲಿಸುವುದಿಲ್ಲ, ಏನು ನಡೆಯುತ್ತಿದೆ ಎಂದು ಅಪ್ಪಿತಪ್ಪಿಯೂ ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗಿದಂತೆ, ಮುಂದಿನ ಚೆಂಡಿಗೇ ಹೊಡೆತ ಬೀಳುತ್ತದೆ. ಕಳೆದ ಏಪ್ರಿಲ್ ನಮ್ಮ ಅಡುಗೆಮನೆಯಲ್ಲಿ ಫೆಲ್ಲರ್‌ನ ಆಟ ರೇಡಿಯೋದಲ್ಲಿ ಕೇಳುವಾಗ ಮನೆಯೊಡತಿ "ಅಯ್ಯೋ, ಇವತ್ತು ಇನ್ನೂ ಒಬ್ನೂ..." ಎಂದು ಬಾಯಿ ತೆರೆದದ್ದಕ್ಕೆ ನೀನು ಬ್ರೆಡ್ಡಿನ ತುಂಡನ್ನೇ ಅವಳ ಬಾಯಿಗೆ ತುರುಕಿದ್ದೆಯಲ್ಲ.

ನಿನ್ನ ಜನವರಿಯ ಪತ್ರ ಓದಿದಾಗ ಅಂದಾಜಾಯಿತು. ಆಮೇಲೆ ಡಾಕ್ಟರಿಗೆ ಬರೆದು ಕೇಳಿದೆ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಐದು ಸಲವೂ ನಿನ್ನ ಕಫದಲ್ಲಿ ಕ್ರಿಮಿ ಇಲ್ಲ. ಇನ್ನೊಂದೇ ಸಲ. ರೋಗಿಗೆ ಹೇಳಬಾರದು, ಆಸೆ ಹುಟ್ಟಿಸಿ ಮುರಿಯುವುದು ಕೆಟ್ಟದ್ದು ಎಂದು ಅವರು ಬರೆದರು. ಅವರು ಬೇಡವೆಂದದ್ದಕ್ಕಲ್ಲ ನಾನು ಸುಮ್ಮನಿದ್ದದ್ದು. ನನ್ನ ಬಾಯಿಂದ ಬಂದರೆ ಆರನೆಯದು ಹಾಳಾದೀತು ಎಂಬ ಹೆದರಿಕೆ. ಈಗಲೂ ಹೆದರಿಕೆಯೇ. ಆದರೆ ನೀನು ಆ ಹಿಮದಲ್ಲಿ ನಾಲ್ಕು ಮೈಲಿ ನಡೆಯುವುದನ್ನು ನೆನೆಸಿಕೊಂಡರೆ ಇದಕ್ಕಿಂತ ಹೆಚ್ಚು ಹೆದರಿಕೆ.

ಆ ಮುದುಕ ಪಾಪಿಯಲ್ಲ. ಸಾಯುವವನೆಂದು ದೂರ ಕೂತದ್ದಲ್ಲ, ನೀನು ಮನೆಗೆ ಹೋಗಲಿ ಎಂದು.

ಹೋಗಬೇಡ. ಗುರುವಾರ ಕಫ ಕೊಡು.

ವೀಡಾ

*

ಆರೋಗ್ಯಧಾಮ
ಮಾರ್ಚ್ 16, 1941

ಪ್ರೀತಿಯ ಅಕ್ಕ,

ಮೊದಲು ಕೆಟ್ಟ ಸುದ್ದಿ. ಕ್ರಿಮಿ ಕಂಡಿದೆ. ಬಹಳ ಇಲ್ಲವಂತೆ, ಕೆಲವು. ಡಾಕ್ಟರು ಈ ಸಲ ತಾವೇ ಬಂದು ಹೇಳಿದರು. ಎಣಿಕೆ ಮತ್ತೆ ಒಂದರಿಂದ. ಮೊದಲ ಪಂದ್ಯಕ್ಕೆ ನಾನು ಊರಲ್ಲಿರುವುದಿಲ್ಲ.

ನೀನು ಏನು ಯೋಚಿಸುತ್ತೀಯ ಎಂದು ನನಗೆ ಗೊತ್ತು. ಹಾಗೆ ಯೋಚಿಸಬೇಡ. ಈ ಸಲ ಗುರುವಾರದವರೆಗೆ ಕಾಯಲಿಲ್ಲ, ಸೋಮವಾರ ಬೆಳಿಗ್ಗೆಯೇ ಕಫ ತೆಗೆದುಕೊಂಡರು. ನಿನ್ನ ಪತ್ರ ಕೈಗೆ ಬಂದದ್ದು ಸೋಮವಾರ ಮಧ್ಯಾಹ್ನ. ಅಂದರೆ ನೀನು ಹೇಳಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬೇರೆ ಯಾರನ್ನಾದರೂ ಬೆಂಚಿನ ಕೊನೆಯಲ್ಲಿ ಕೂರಿಸಿದ್ದರೆ ನಾನು ನಿದ್ದೆಗಣ್ಣಿನಲ್ಲೂ ಗುರುತಿಸುತ್ತಿದ್ದೆ. ಕೂತವನು ನಾನೇ ಆದ್ದರಿಂದ ಕಾಣಲಿಲ್ಲ. ನಿನ್ನ ಪತ್ರ ಓದಿ ಮುಗಿಸಿದ ಮೇಲೆ ವರಾಂಡದ ಆ ತುದಿಗೆ ನೋಡಿದೆ. ಮಲ್ವೇನಿ ಆಕಾಶ ನೋಡುವ ನಾಟಕ ಮಾಡುತ್ತಿದ್ದ. ಎರಡು ತಿಂಗಳು ಆ ಮನುಷ್ಯ ಬಾಯಿ ಕಟ್ಟಿಕೊಂಡಿದ್ದನಲ್ಲ, ಅದೇ ಅವನಿಗೆ ಕ್ಷಯಕ್ಕಿಂತ ದೊಡ್ಡ ಕಾಯಿಲೆಯಾಗಿರಬೇಕು.

ಸುದ್ದಿ ಬಂದ ದಿನ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಇನ್ನೊಂದು ಕುರ್ಚಿ, ಮತ್ತೊಂದು. ಮಲ್ವೇನಿ ನನ್ನ ಕಾಲನ್ನು ಪಕ್ಕಕ್ಕೆ ತಳ್ಳಿ ಹಾಸಿಗೆಯ ಮೇಲೇ ಕುಳಿತ. "ಸರ್ಕೊಳೋ ಆ ಕಡೆ," ಅಂದ. "ಹೊಡೆತ ಬಿತ್ತು, ಬೀಳ್ಲಿ. ಇನ್ಮೇಲೆ ಮಾತಾಡ್ಬೋದಲ್ಲ. ಹೊಟ್ಟೆ ಒಡ್ದು ಸಾಯ್ತಿದ್ದೆ ನಾನು." ಊಟದ ಗಂಟೆ ಹೊಡೆಯುವವರೆಗೂ ಮಾತಾಡಿದ. ಅವನಿಗೂ ಎರಡು ವರ್ಷದ ಹಿಂದೆ ಐದನೆಯದರಲ್ಲಿ ಹೀಗೇ ಮುರಿದು ಬಿತ್ತಂತೆ.

ನನಗೆ ಭಯ ಹೋಗಿಲ್ಲ ಅಕ್ಕ. ಇನ್ನೂ ಆರು ತಿಂಗಳು ಇಲ್ಲಿ ಮಲಗಿ, ಕೊನೆಗೆ ಅಮ್ಮನ ಹಾಗೆ ಆದರೆ ಏನು ಗತಿ? ಆದರೆ ಈಗ ಅದನ್ನು ಜೋರಾಗಿ ಹೇಳಬಲ್ಲೆ. ನಾನು ಹೇಳಿದರೆ ಆ ಕಡೆಯಿಂದ ಒಬ್ಬ, ನನಗೂ ಹಾಗೇ ಕಣೋ, ಅನ್ನುತ್ತಾನೆ.

ಪ್ರಶ್ನೆ ನೀನೇ ಹಾಕು. ನನ್ನ ಸರದಿ ಬಿಟ್ಟುಕೊಟ್ಟಿದ್ದೇನೆ.

ರೂಡಿ

*

ಕ್ಲೀವ್‌ಲ್ಯಾಂಡ್
ಏಪ್ರಿಲ್ 6, 1941

ಪ್ರೀತಿಯ ರೂಡಿ,

ಮೂರು ವಾರ ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗೆಲ್ಲ ಎದ್ದು ಹೋಗುತ್ತಿದ್ದೆ.

ಸೋಮವಾರ ಬೆಳಿಗ್ಗೆ ಕಫ ತೆಗೆದುಕೊಂಡರು ಎಂದೆ. ವರ್ಷವಿಡೀ ಗುರುವಾರ ತೆಗೆದುಕೊಳ್ಳುವ ಡಾಕ್ಟರು ಆ ಒಂದು ವಾರ ನನಗೋಸ್ಕರ ಸೋಮವಾರ ಎದ್ದು ಬಂದರೇನು? ಚಿಕ್ಕಂದಿನಿಂದ ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಇರಲಿ. ಅದನ್ನು ನಂಬಿಕೊಂಡಿದ್ದೇನೆ, ನಂಬದಿದ್ದರೆ ನನಗೆ ಉಸಿರಾಡಲು ಆಗುವುದಿಲ್ಲ.

ನೀನು ಒಂದು ಪ್ರಶ್ನೆ ಕೇಳಿದ್ದೆ, ಅದಕ್ಕೆ ಉತ್ತರ ಕೊಡದೆ ಜಾರಿಕೊಂಡಿದ್ದೆ. ಒಂದು ಸಲವೂ ಯಾಕೆ ಬರಲಿಲ್ಲ ಎಂದು. ಮಿಲ್ಲಿನಲ್ಲಿ ನಾನು ರಜೆ ಕೇಳಲೇ ಇಲ್ಲ. ರೈಲು ಎಂದೂ ನಿಂತಿರಲಿಲ್ಲ. ಅಮ್ಮನ ಕಫದ ಬಟ್ಟಲು ತೊಳೆದವಳು ನಾನು, ಹದಿನೈದು ವರ್ಷದವಳು. ಆಗ ಹೊಕ್ಕ ಹೆದರಿಕೆ ಹೋಗಲೇ ಇಲ್ಲ. ನಿನ್ನ ಪತ್ರ ಬಂದರೆ ಇಕ್ಕಳದಲ್ಲಿ ಹಿಡಿದು ಓವನ್‌ನಲ್ಲಿಟ್ಟು, ಕಾಯಿಸಿ, ಆಮೇಲೆ ಒಡೆದು ಓದುತ್ತಿದ್ದೆ. ನಿನ್ನ ಪತ್ರಗಳ ಅಂಚುಗಳೆಲ್ಲ ಸುಟ್ಟು ಕಂದಾಗಿವೆ. ಮಲ್ವೇನಿ ನಿನ್ನ ಒಳ್ಳೆಯದಕ್ಕೆಂದು ದೂರ ಕೂತ. ನಾನು ಕೂತದ್ದು ಅದಕ್ಕಲ್ಲ.

ಮಾರ್ಚ್ ಹದಿನಾರರ ಪತ್ರವನ್ನು ಕಾಯಿಸಲಿಲ್ಲ. ಬಾಗಿಲಲ್ಲೇ ನಿಂತು ಒಡೆದೆ. ಆಮೇಲೆ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡೆ, ಅದೂ ನಿಜ.

ಹದಿನೈದನೆಯ ತಾರೀಖು ಮಂಗಳವಾರ ಮೊದಲ ಪಂದ್ಯ. ಈ ಸಲ ನಿಜವಾಗಿಯೂ ರಜೆ ಕೇಳಿದೆ, ಮೇಸ್ತ್ರಿ ಗೊಣಗುತ್ತಾ ಕೊಟ್ಟ. ವರಾಂಡಕ್ಕೆ ರೇಡಿಯೋ ತರಿಸಲು ನರ್ಸಮ್ಮನನ್ನು ಈಗಿನಿಂದಲೇ ಕಾಡಿಸು. ಬೆಳಗಿನ ರೈಲು ಹನ್ನೊಂದಕ್ಕೆ ನಿಮ್ಮ ನಿಲ್ದಾಣ ಮುಟ್ಟುತ್ತದಂತೆ. ಟಿಕೆಟ್ ತೆಗೆದುಕೊಂಡಾಗಿದೆ. ಹೆದರಿಕೆ ಹೋದ ಮೇಲೆ ಬರೋಣ ಎಂದು ಕಾದರೆ ಅದು ಹೋಗುವುದಿಲ್ಲ. ಹೆದರಿಕೊಂಡೇ ಬರುತ್ತೇನೆ.

ವೀಡಾ